ಕಾಡುಬೆಕ್ಕಿನ ಅಂಗಿ

ಬರ್ನಾರ್ಡ್ ಡಿಸೋಜನಿಗೆ ಕುಡಿತದ ಚಟವಿರಲಿಲ್ಲ, ಇಸ್ಪೀಟಿನ ಚಟವೂ ಇರಲಿಲ್ಲ. ಎರಡರಲ್ಲಿ ಒಂದಾದರೂ ಇದ್ದಿದ್ದರೆ ಮನೆಯಲ್ಲಿ ಇಷ್ಟು ನಾತ ಇರುತ್ತಿರಲಿಲ್ಲ ಎಂದು ಅವನ ಹೆಂಡತಿ ರೆಜಿನಾ ಆಗಾಗ ಹೇಳುವುದುಂಟು. ಅವನ ಚಟ ಹಿತ್ತಾಳೆ ಉಜ್ಜುವುದು. ಕಿನ್ನಿಗೋಳಿ ಕಡೆಯ ಒಂದು ಇಗರ್ಜಿಯಲ್ಲಿ ಗಂಟೆ ಹೊಡೆಯುವ, ಮೇಣದಬತ್ತಿ ಹಚ್ಚುವ ಕೆಲಸ ಅವನ ಅಪ್ಪನದು. ಹಬ್ಬದ ಮುನ್ನಾದಿನ ಪೀಠದ ಬತ್ತಿಕಂಬಗಳನ್ನೆಲ್ಲ ಕೆಳಗಿಳಿಸಿ, ಡಬ್ಬಿಯ ಪಾಲಿಶ್ ಹಚ್ಚಿ, ಅಪ್ಪ ಮಗ ಇಬ್ಬರೂ ಅಂಗಳದಲ್ಲಿ ಕೂತು ಉಜ್ಜುತ್ತಿದ್ದರು. ಮೂಗಿನ ಕೂದಲು ಸುಡುವ ಆ ಘಾಟು ಊರಿನವರಿಗೆಲ್ಲ ಘಾಟು. ಬರ್ನಾರ್ಡನಿಗೆ ಮಾತ್ರ ಹಬ್ಬದ ಪರಿಮಳ. ಕುವೈತಿಗೆ ಬಂದು ಇಷ್ಟು ವರ್ಷವಾದರೂ ಮಂಗಾಫಿನ ಫ್ಲಾಟಿನಲ್ಲಿ ದೇವರ ಪೀಠದ ಎರಡು ಬತ್ತಿಕಂಬಗಳು ಮಾತ್ರವಲ್ಲ, ಬಾಗಿಲ ಚಿಲಕವೂ ಅದರ ತಿರುಪುಗಳ ತಲೆಯೂ ಮಿರಮಿರ ಮಿಂಚುತ್ತಿದ್ದವು.

ಹೊರಗೆ ಅವನು ಶುವೈಖಿನ ಒಂದು ವರ್ಕ್‌ಶಾಪಿನ ಫೋರ್ಮನ್. ಕ್ರೇನಿನ ಪಿನ್ನು, ಹೈಡ್ರಾಲಿಕ್ ಜಾಕಿನ ಬುಶ್ಶು, ಒಟ್ಟಿನಲ್ಲಿ ಲೇತಿನ ಮೇಲೆ ತಿರುಗುವುದೆಲ್ಲ ಅಲ್ಲಿ ಆಗುತ್ತಿತ್ತು. ಯಜಮಾನರು ಬೂ ಮಿಶಾರಿ. ವೀಸಾಕ್ಕೆ ಹೊಣೆ ನಿಂತ ಕಫೀಲರೂ ಅವರೇ. ಎತ್ತರದ ಮನುಷ್ಯ, ಹಿಂದಿ ಸಿನಿಮಾಗಳಿಂದ ಕಲಿತ ಹಿಂದಿಯಲ್ಲಿ ಬೈಯುತ್ತಿದ್ದರು, ಅರಬ್ಬಿಯಲ್ಲಿ ಕ್ಷಮಿಸುತ್ತಿದ್ದರು. ಅವರಿಗೂ ಒಂದು ಚಟ. ಚಳಿಗಾಲ ಬಂತೆಂದರೆ ಶೂಟಿಂಗ್ ರೇಂಜಿಗೆ ಹೋಗಿ ದೂರದ ಕಾಗದಕ್ಕೆ ಗುಂಡು ಹೊಡೆಯುವುದು. ತೀರಿಕೊಂಡ ಅಣ್ಣನ ಕೋವಿಯೊಂದು ಅವರ ಬಳಿ ಇತ್ತು. ಆ ಅಣ್ಣ ಹಿಂದೆ ವಿದೇಶದ ಯಾವನೋ ಕೋವಿ ಕುಶಲಿಗನ ಕೈಯಲ್ಲಿ ತನಗೆಂದೇ ಮಾಡಿಸಿಕೊಂಡದ್ದು. ಅದಕ್ಕೆ ಹೊಂದುವ ತೋಟೆ ಪ್ರಪಂಚದ ಯಾವ ಕಂಪೆನಿಯೂ ಮಾಡುವುದಿಲ್ಲ, ಯಾವ ಅಂಗಡಿಯೂ ಮಾರುವುದಿಲ್ಲ. ಒಬ್ಬ ಮನುಷ್ಯ ಒಂದು ಕೋವಿಗೆಂದು ತಲೆಯಿಂದ ಹುಟ್ಟಿಸಿದ ಇಂಥ ತೋಟೆಗೆ ಆ ಲೋಕದವರು ವೈಲ್ಡ್‌ಕ್ಯಾಟ್ ಎನ್ನುತ್ತಾರೆ. ಅಣ್ಣ ಬಿಟ್ಟುಹೋದ ಹಿತ್ತಾಳೆ ಚಿಪ್ಪುಗಳನ್ನು ಮತ್ತೆ ಮತ್ತೆ ತುಂಬಿಸಿ ಹೊಡೆದು ಹೊಡೆದು ಅವು ಸವೆದುಹೋದ ಮೇಲೆ, ಬೂ ಮಿಶಾರಿ ಲೈಸೆನ್ಸು, ರೇಂಜಿನ ಅನುಮತಿ ಎಲ್ಲ ಮುಂದಿಟ್ಟು ಬರ್ನಾರ್ಡನಿಗೆ ಹೇಳಿದರು: "ಚಿಪ್ಪು ಮಾತ್ರ ನೀನು ಮಾಡಿಕೊಡು. ಮದ್ದು, ಗುಂಡು ನಾನು ರೇಂಜಿನಲ್ಲೇ ತುಂಬಿಸಿಕೊಳ್ಳುತ್ತೇನೆ."

ದಾರಿ ಇತ್ತು. ಅದೇ ಬುಡದ, ಹೊಟ್ಟೆ ಸ್ವಲ್ಪ ದಪ್ಪದ ಬೇರೊಂದು ತೋಟೆಯ ಖಾಲಿ ಚಿಪ್ಪು ತರಿಸಿ, ಒಂದು ಅಚ್ಚಿನಿಂದ ಇನ್ನೊಂದು ಅಚ್ಚಿಗೆ ಒತ್ತುತ್ತ, ಹೆಗಲು ಇಳಿಸಿ, ಕತ್ತು ಸಪೂರ ಮಾಡಿ ಈ ಕೋವಿಯ ಅಳತೆಗೆ ತರುವುದು. ಅವಸರಪಟ್ಟು ಒಂದೇ ಸಲಕ್ಕೆ ಒತ್ತಿದರೆ ಹಿತ್ತಾಳೆ ಲುಂಗಿಯ ನೆರಿಗೆಯ ಹಾಗೆ ಮಡಚಿಕೊಳ್ಳುತ್ತದೆ. ಮೆಲ್ಲಗೆ ಒತ್ತಿದರೂ ಒತ್ತಿದಷ್ಟು ಗಡಸಾಗುತ್ತದೆ. ಗಡಸಾದದ್ದು ಒಂದು ದಿನ ಸೀಳುತ್ತದೆ. ಆದ್ದರಿಂದ ನಡುನಡುವೆ ಕತ್ತಿಗೆ ಬೆಂಕಿ ತೋರಿಸಿ ಮೆದು ಮಾಡಿಕೊಳ್ಳಬೇಕು. ಬುಡಕ್ಕೆ ಮಾತ್ರ ಕಾವು ತಾಗಕೂಡದು. ಬುಡ ಮೆತ್ತಗಾದರೆ ಅದು ಕೋವಿಯೊಳಗಿನ ಒತ್ತಡ ತಾಳುವುದಿಲ್ಲ.

ಅಚ್ಚು ಕೊರೆಯುವುದು, ಒತ್ತುವುದು ಬರ್ನಾರ್ಡನ ಪಾಲು. ಬೆಂಕಿ ಸೇಸಪ್ಪನದು. ಸೇಸಪ್ಪ ಅವನಿಗಿಂತ ನಾಲ್ಕು ವರ್ಷಕ್ಕೆ ಹಿರಿಯ, ಬೈಕಂಪಾಡಿಯಲ್ಲಿ ಲಾರಿ ಸ್ಪ್ರಿಂಗುಗಳಿಗೆ ಹದ ಕೊಡುತ್ತಿದ್ದವ. ಇಬ್ಬರೂ ತಮ್ಮತಮ್ಮಲ್ಲಿ ಆಡುವುದು ಅರ್ಧ ತುಳು, ಅರ್ಧ ಮಂಗಳೂರು ಕನ್ನಡ. ಹತ್ತು ಗಂಟೆಗೆ ಸೇಸಪ್ಪನ ಫ್ಲಾಸ್ಕಿನ ಚಹಾದಲ್ಲಿ ಬರ್ನಾರ್ಡನಿಗೆ ಮುಚ್ಚಳದ ಪಾಲು. ಸೇಸಪ್ಪ ಅವನನ್ನು ಕರೆಯುವುದು "ಪೊರ್ಬುಳೇ" ಎಂದು. ತುಳುವರು ಕ್ರಿಶ್ಚಿಯನ್ನರನ್ನು ಪ್ರೀತಿಯಿಂದಲೂ, ಕೆಲವೊಮ್ಮೆ ಪ್ರೀತಿಯಿಲ್ಲದೆಯೂ ಕರೆಯುವ ಹೆಸರು ಅದು. ಸೇಸಪ್ಪನ ಬಾಯಲ್ಲಿ ಅದಕ್ಕೆ ಬೆಲ್ಲ ಹಾಕಿದಂತಿರುತ್ತಿತ್ತು.

"ಎಂತದು ಪೊರ್ಬುಳೇ, ಇದರ ಹೆಸರು?"

"ವೈಲ್ಡ್‌ಕ್ಯಾಟ್ ಅಂತೆ."

"ಕಾಡುಬೆಕ್ಕಾ? ಈ ಮರಳಲ್ಲಿ ಊರಬೆಕ್ಕಿಗೇ ಕುಡೀಲಿಕ್ಕೆ ನೀರಿಲ್ಲ. ಕಾಡುಬೆಕ್ಕಿಗೆ ಅಂಗಿ ಹೊಲಿಯುವ ಕರ್ಮ ನಮಗೆ!"

"ಹೊಲಿಯುವುದು ನಾನು ಸೇಸಪ್ಪಣ್ಣ. ನೀವು ಇಸ್ತ್ರಿ ಹಾಕಿ, ಸಾಕು."

"ಇಸ್ತ್ರಿಯವನ ಹೆಸರು ಹೊರಗೆ ಬರುವುದು ಅಂಗಿ ಸುಟ್ಟಾಗ ಮಾತ್ರ ಮಾರಾಯ್ರೆ," ಎಂದ ಸೇಸಪ್ಪ.

ಅವನ ಕೆಲಸ ನೋಡುವಂತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಶಟರ್ ಎಳೆದು ಕತ್ತಲೆ ಮಾಡಿಕೊಳ್ಳುತ್ತಿದ್ದ. ಬೆಳಕಿನಲ್ಲಿ ಕಾವಿನ ಬಣ್ಣ ಕಾಣುವುದಿಲ್ಲ. ಚಿಪ್ಪಿನ ಬುಡವನ್ನು ಇಕ್ಕಳದಲ್ಲಿ ಹಿಡಿಯದೆ ಬರಿಗೈಯ ಎರಡು ಬೆರಳುಗಳಲ್ಲೇ ಹಿಡಿದು, ಕತ್ತನ್ನು ಗ್ಯಾಸಿನ ಉರಿಯಲ್ಲಿ ತಿರುಗಿಸುತ್ತಿದ್ದ. ಕತ್ತು ಕೆಂಪಿನ ಸುಳಿವು ಕೊಟ್ಟದ್ದೇ ತಡ, ಬಕೆಟಿನ ನೀರಿಗೆ ಚುಂಯ್ ಎನ್ನಿಸುತ್ತಿದ್ದ. "ಬುಡ ಬಿಸಿಯಾದರೆ ಮೊದಲು ನನ್ನ ಬೆರಳು ಬೊಬ್ಬೆ ಹೊಡೀತದೆ. ಇದಕ್ಕಿಂತ ದೊಡ್ಡ ಮೀಟರ್ ಎಂತಕ್ಕೆ?" ಎಂದು ಅವನ ವಾದ.

ಮೊದಲನೆಯ ಚಿಪ್ಪಿನ ಹೆಗಲು ಕೂದಲೆಳೆಯಷ್ಟು ಓರೆಯಾಯಿತು. ಅದನ್ನು ಬರ್ನಾರ್ಡ್ ನೆನಪಿಗೆಂದು ತನ್ನ ಟೂಲ್‌ಬಾಕ್ಸಿನಲ್ಲಿ ಇಟ್ಟುಕೊಂಡ. ಉಳಿದವು ಒಂದಕ್ಕೊಂದು ಅವಳಿ ಮಕ್ಕಳಂತೆ ಬಂದವು. ಆದರೆ ಬೆಂಕಿ ತಾಗಿದಲ್ಲೆಲ್ಲ, ಕತ್ತಿನಿಂದ ಹೆಗಲಿನ ತುಸು ಕೆಳಗಿನವರೆಗೆ, ಪಾರಿವಾಳದ ಕೊರಳಿನ ಹಾಗೆ ನೀಲಿ, ನೇರಳೆ, ಜೋನಿಬೆಲ್ಲದ ಬಣ್ಣದ ಕಲೆ.

"ಇದನ್ನು ತೆಗೀಬೇಕಲ್ಲ," ಎಂದ ಬರ್ನಾರ್ಡ್.

"ಎಂತಕ್ಕೆ? ಇರ್ಲಿ. ಬೆಂಕಿ ಎಲ್ಲಿವರೆಗೆ ಹೋಗಿದೆ ಅಂತ ನೋಡಿದವನಿಗೆ ಕಾಣ್ತದೆ."

"ಮದುಮಗಳನ್ನು ಮಸಿ ಮೋರೆಯಲ್ಲಿ ಕಳಿಸ್ಲಿಕ್ಕೆ ಆಗ್ತದಾ?"

"ಕಾಡುಬೆಕ್ಕಿಗೆ ಎಂತ ಪೌಡರು ಪೊರ್ಬುಳೇ? ಬಿಡಿ ಮಾರಾಯ್ರೆ."

ಬರ್ನಾರ್ಡ್ ಬಿಡಲಿಲ್ಲ. ಗುರುವಾರ ಸಂಜೆ ಎಗೈಲಾದ ಮಾಲಿನಲ್ಲಿ ಇಳಿದು ಅಪ್ಪ ಹಚ್ಚುತ್ತಿದ್ದ ಅದೇ ಜಾತಿಯ ಪಾಲಿಶಿನ ದೊಡ್ಡ ಡಬ್ಬಿ ಕೊಂಡ. ಶುಕ್ರವಾರ ಪೂಜೆ ಮುಗಿಸಿ ಬಂದವನೇ ಬಾಲ್ಕನಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿಕೊಂಡು, ಚಿಪ್ಪುಗಳಿಗೆ ಒಳಗೂ ಹೊರಗೂ ಪಾಲಿಶ್ ಬಳಿದು, ನೆನೆಯಲೆಂದು ಸಾಲಾಗಿ ನಿಲ್ಲಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು, ಎದ್ದು ಉಜ್ಜಿದ. ಮಗಳು ಡೆಲ್ಮಾ ಬಾಲ್ಕನಿಗೆ ಇಣುಕಿ, "ಪಪ್ಪಾ, ಇಟ್ ಸ್ಮೆಲ್ಸ್ ಲೈಕ್ ಕ್ಯಾಟ್ ಪೀ!" ಎಂದು ಬಾಗಿಲು ಹಾಕಿಕೊಂಡಳು. ರೆಜಿನಾ ನರ್ಸ್, ಆಸ್ಪತ್ರೆಯ ಎಲ್ಲ ವಾಸನೆಗಳನ್ನು ನುಂಗಿಕೊಂಡವಳು. ಅವಳೂ ಒಳಗಿನಿಂದ ಕೂಗಿದಳು: "ಬೆಕ್ಕಲ್ಲ, ಕುದುರೆ. ಒಂದು ಲಾಯವೇ ಬಂದಿದೆ."

ಬರ್ನಾರ್ಡ್ ನಕ್ಕ. ಆಗ ನಗುವುದಕ್ಕೆ ಅವನಿಗೆ ಏನೂ ಅಡ್ಡಿ ಇರಲಿಲ್ಲ.

ಸಂಜೆಯ ಹೊತ್ತಿಗೆ ಕಲೆಯ ಕುರುಹೂ ಉಳಿಯದೆ ಅವು ಪೀಠದ ಬತ್ತಿಕಂಬಗಳ ಮರಿಗಳಂತೆ ಹೊಳೆದವು. ಮಖಮಲ್ಲಿನ ಒಳಗವಸಿನ ಮರದ ಪೆಟ್ಟಿಗೆಯಲ್ಲಿ ಅವನ್ನು ಮಲಗಿಸಿ ಬೂ ಮಿಶಾರಿಗೆ ಒಪ್ಪಿಸಿದಾಗ ಅವರು ಒಂದನ್ನು ಬೆಳಕಿಗೆ ಹಿಡಿದು, "ದಹಬ್! ಚಿನ್ನ!" ಎಂದು ಬರ್ನಾರ್ಡನ ಹೆಗಲು ತಟ್ಟಿದರು. ಬೆಂಕಿ ಕೊಟ್ಟದ್ದು ಸೇಸಪ್ಪ ಎಂದು ಬರ್ನಾರ್ಡ್ ಹೇಳಿದ. ಅದನ್ನು ಅವನು ಮರೆಯದೆ ಹೇಳಿದ ಎನ್ನುವುದು ಮುಂದೆ ಅವನಿಗೇ ಮುಳ್ಳಾಯಿತು.

ಬೇಸಿಗೆ ಕಳೆಯಿತು. ಪೆಟ್ಟಿಗೆ ಬೂ ಮಿಶಾರಿಯವರ ಮನೆಯ ಬೀರುವಿನಲ್ಲಿ ಬೀಗದೊಳಗೆ ಕಾದಿತ್ತು. ಮೊದಲ ತಂಪು ಗಾಳಿ ಬೀಸಿದ ವಾರ ಅವರು ರೇಂಜಿಗೆ ಹೋದರು. ಮರುದಿನ ವರ್ಕ್‌ಶಾಪಿಗೆ ಬಂದಾಗ ಎಡಗಣ್ಣಿನ ಕೆಳಗೆ ಹತ್ತಿಯ ಪಟ್ಟಿ, ಕೆನ್ನೆಯ ಮೇಲೆ ಮೆಣಸಿನ ಪುಡಿ ಎರಚಿದಂಥ ಕಪ್ಪು ಚುಕ್ಕೆಗಳು. ಕೈಯಲ್ಲಿ ಆ ಪೆಟ್ಟಿಗೆ.

ಚಿಪ್ಪು ಕೋವಿಯೊಳಗೇ ಸೀಳಿತ್ತು. ಬಿಸಿ ಅನಿಲ ಹಿಂದಕ್ಕೆ ಹೊಡೆದಿತ್ತು. ರೇಂಜಿನವರು ಬಲವಂತವಾಗಿ ಹಾಕಿಸುವ ಕನ್ನಡಕ ಇಲ್ಲದಿದ್ದರೆ ಕಣ್ಣು ಹೋಗುತ್ತಿತ್ತು. ಕೆಲಸದವರೆಲ್ಲ ಸುತ್ತ ಸೇರಿದ್ದ ಹಾಗೆಯೇ ಬೂ ಮಿಶಾರಿ ಪೆಟ್ಟಿಗೆ ತೆರೆದು ಮೇಜಿನ ಮೇಲೆ ಸುರಿದರು. ಇನ್ನೂ ಮದ್ದು ತುಂಬಿಸದೇ ಇದ್ದ ಖಾಲಿ ಚಿಪ್ಪುಗಳು. ಒಂದೊಂದರ ಮೈಮೇಲೂ ಕೂದಲಿನಂಥ ಬಿರುಕು. ಯಾರೂ ಮುಟ್ಟದೆ, ಮಖಮಲ್ಲಿನ ಮೇಲೆ ಮಲಗಿದಲ್ಲೇ ಬಿರಿದಿದ್ದವು.

"ಆಗ್ ಕೌನ್ ದಿಯಾ?" ಬೆಂಕಿ ಕೊಟ್ಟವರು ಯಾರು ಎಂದು ಬೂ ಮಿಶಾರಿ ಕೇಳಿದರು. ಉತ್ತರ ಅವರಿಗೆ ಗೊತ್ತಿತ್ತು, ಬರ್ನಾರ್ಡನೇ ಹೇಳಿದ್ದನಲ್ಲ.

"ನಾನೇ," ಎಂದು ಸೇಸಪ್ಪ ಮುಂದೆ ಬಂದ.

ಬರ್ನಾರ್ಡ್ ಒಂದು ಚಿಪ್ಪು ಎತ್ತಿ ಅದರ ಬಾಯಿಯ ಬಳಿ ಮೂಗು ಇಟ್ಟ. ಇಷ್ಟು ತಿಂಗಳಾದರೂ ಒಳಗೆ ಹಬ್ಬದ ಪರಿಮಳ ಸಣ್ಣಗೆ ಉಳಿದಿತ್ತು. ಆ ಪರಿಮಳದ ಹಿಂದಿನಿಂದ ಮಂಗಳೂರಿನ ಐ.ಟಿ.ಐ.ಯ ಕಾಮತ್ ಮಾಸ್ಟರು ಸೀಮೆಸುಣ್ಣ ಹಿಡಿದುಕೊಂಡು ಎದ್ದು ಬಂದರು. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂದರೆ ದಂಡಿನ ತೋಟೆಗಳು ತಾವಾಗಿ ಬಿರಿಯುತ್ತಿದ್ದವು ಮಕ್ಕಳೇ, ಯಾಕೆ? ಪಕ್ಕದಲ್ಲಿ ಕುದುರೆ ಲಾಯ. ಕುದುರೆಯ ಉಚ್ಚೆಯಲ್ಲಿ ಅಮೋನಿಯಾ. ಒತ್ತಿ ಬಗ್ಗಿಸಿದ ಹಿತ್ತಾಳೆಗೆ ಅಮೋನಿಯಾ ತಾಗಿದರೆ ಅದು ಒಳಗಿನ ಬಿಗಿತ ತಾಳದೆ ಸೀಳುತ್ತದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು. ಬರ್ನಾರ್ಡ್ ಕುದುರೆಯ ಚಿತ್ರ ಸಮೇತ ಉತ್ತರ ಬರೆದು ಪೂರ್ತಿ ಅಂಕ ಪಡೆದಿದ್ದ. ಆ ಘಾಟಿಗೆ ಅಮೋನಿಯಾ ಎಂಬ ಹೆಸರಿದೆ ಎಂಬುದು ಗೊತ್ತಿದ್ದೂ, ಅದು ಅಪ್ಪನ ಡಬ್ಬಿಯ ವಾಸನೆ ಎಂದಷ್ಟೇ ಜನ್ಮವಿಡೀ ಮೂಸಿದ್ದ. ಓದಿದ್ದು ಪರೀಕ್ಷೆಗೆ, ಮೂಗು ಹಬ್ಬಕ್ಕೆ. ಎರಡೂ ಒಂದೇ ತಲೆಯೊಳಗೆ ಇದ್ದೂ ಪರಿಚಯವಾಗಿರಲಿಲ್ಲ.

ಹೇಳಲೆಂದು ಬಾಯಿ ತೆರೆದ. ಬೂ ಮಿಶಾರಿ ಅವನತ್ತ ತಿರುಗಿದರು. ಕೆನ್ನೆಯ ಆ ಚುಕ್ಕೆಗಳು ಹತ್ತಿರದಿಂದ ಕಂಡವು. ಆಗ ಅವನ ಬಾಯಿಯಿಂದ ಬಂದದ್ದು: "ಡಾಕ್ಟರ್ ಎಂತ ಹೇಳಿದ್ರು?"

"ಡಾಕ್ಟರ್ ಅಲ್ಲಾನಿಗೆ ಶುಕ್ರ್ ಹೇಳು ಅಂದ," ಎಂದರು ಬೂ ಮಿಶಾರಿ. ಮತ್ತೆ ಸೇಸಪ್ಪನ ಕಡೆ ನೋಡಿದರು. ಸೇಸಪ್ಪ ಒಂದು ಚಿಪ್ಪನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದ. ಕಲೆ ಇದ್ದಿದ್ದರೆ ಬಿರುಕು ಹೊರಟದ್ದು ಬೆಂಕಿ ತಾಗಿದ ಜಾಗದ ಕೆಳಗಿನಿಂದ, ಬೆಂಕಿ ಮುಟ್ಟದೆ ಗಡಸಾಗಿ ಉಳಿದ ಜಾಗದಿಂದ ಎನ್ನುವುದು ಮಗುವಿಗೂ ಕಾಣುತ್ತಿತ್ತು. ಕಲೆ ಇರಲಿಲ್ಲ. ಎಲ್ಲ ಚಿನ್ನ.

"ನನ್ನದೇ ತಪ್ಪಿರಬೇಕು ಬಾಬಾ," ಎಂದ ಸೇಸಪ್ಪ. "ಹದ ತಪ್ಪಿದೆ."

ಖಲಾಸ್. ಸೇಸಪ್ಪ ಇನ್ನು ಬೆಂಕಿ ಮುಟ್ಟಕೂಡದು ಎಂದಾಯಿತು. ಮರುದಿನದಿಂದ ಸಬ್ಹಾನಿನ ಗೋದಾಮಿನಲ್ಲಿ ಪೈಪು ಇಳಿಸಿ ಹತ್ತಿಸುವ ಕೆಲಸ.

ಆ ರಾತ್ರಿಯ ನಿದ್ದೆಯ ಬಗ್ಗೆ ಹೇಳುವುದು ಬೇಡ. ತಪ್ಪು ಮಾಡಿದವರಿಗೆಲ್ಲ ನಿದ್ದೆ ಬರುವುದಿಲ್ಲ ಎನ್ನುವುದು ಕತೆಗಾರರ ಆಸೆ. ಬರ್ನಾರ್ಡ್ ನಿದ್ದೆ ಮಾಡಿದ. ಎದ್ದ ಮೇಲೆ ಮಾತ್ರ ಕಷ್ಟವಾಯಿತು. ಹತ್ತು ಗಂಟೆಗೆ ಚಹಾ ಇರಲಿಲ್ಲ. ಟೂಲ್‌ಬಾಕ್ಸ್ ತೆರೆದರೆ ಮೂಲೆಯಲ್ಲಿ ಆ ಮೊದಲನೆಯ ಚಿಪ್ಪು, ಪಾಲಿಶ್ ಕಾಣದ್ದು, ಪಾರಿವಾಳದ ಕೊರಳಿನದು, ಬಿರುಕಿಲ್ಲದೆ ಗಟ್ಟಿಯಾಗಿ ಕೂತಿತ್ತು. ಅವನು ಅದರ ಮೇಲೆ ಬಟ್ಟೆ ಹೊದೆಸಿದ. ಮರುದಿನ ಬಟ್ಟೆಯ ಮೇಲೆ ಸ್ಪ್ಯಾನರ್ ಇಟ್ಟ.

ಶುಕ್ರವಾರ ಪಾಪನಿವೇದನೆಗೆ ಹೋದ. ಜಾಲರಿಯ ಆಚೆ ಗೋವಾ ಕಡೆಯ ಪಾದ್ರಿಗಳು. ಕೊಂಕಣಿಯಲ್ಲಿ ಎಲ್ಲ ಹೇಳಿದ.

"ಕೋವಿಯಾ?" ಎಂದು ಅವರು ಗಾಬರಿಯಾದರು.

"ಲೈಸೆನ್ಸ್ ಉಂಟು ಫಾದರ್. ವಿಷಯ ಕೋವಿಯದ್ದಲ್ಲ. ಪಾಲಿಶಿನದ್ದು."

ಪಾದ್ರಿಗಳು ಜಾಲರಿಗೆ ಇನ್ನಷ್ಟು ಹತ್ತಿರ ಬಾಗಿದರು. ಇಂಥ ಪಾಪ ಅವರ ಪಟ್ಟಿಯಲ್ಲಿ ಇದ್ದಂತಿರಲಿಲ್ಲ. "ಆ ಮನುಷ್ಯನಿಗೆ ಹೇಳಿದಿಯಾ?"

"ಇಲ್ಲ."

"ಹಾಗಾದರೆ ನನಗೆ ಯಾಕೆ ಹೇಳ್ತಿ? ನನ್ನ ಕೆಲಸ ಹೋಗಿಲ್ಲವಲ್ಲ."

ಬರ್ನಾರ್ಡನಿಗೆ ಹೇಳುವ ಧೈರ್ಯ ಬರಲಿಲ್ಲ. ಆದರೆ ಉಪಕಾರ ಮಾಡುವ ಧೈರ್ಯ ಬಂತು. ತಪ್ಪಿತಸ್ಥರಿಗೆ ಅದು ಬೇಗ ಬರುತ್ತದೆ. ಬಿಡುವಿನ ದಿನ ಒಂದು ಡಬ್ಬಿ ಕೋಳಿ ಸುಕ್ಕ ಕಟ್ಟಿಸಿಕೊಂಡು ಸಬ್ಹಾನಿಗೆ ಹೋದ. ಸೇಸಪ್ಪ ಕೆಲಸಗಾರರ ಕ್ಯಾಂಪಿನ ಬಾಗಿಲಲ್ಲಿ ಕೂತು ಉಗುರಿನ ಸಂದಿಯ ತುಕ್ಕು ತೆಗೆಯುತ್ತಿದ್ದ.

"ಬನ್ನಿ ಪೊರ್ಬುಳೇ. ಇಲ್ಲಿ ಕುರ್ಚಿ ಇಲ್ಲ, ಪೈಪು ಉಂಟು, ಬೇಕಾದಷ್ಟು."

"ಸೇಸಪ್ಪಣ್ಣ, ನಿಮ್ಮದು ತಪ್ಪಲ್ಲ ಅಂತ ಕಾಣ್ತದೆ ನನಗೆ."

"ಮತ್ತೆ ಯಾರದ್ದು? ಹಿತ್ತಾಳೆಯದ್ದಾ?" ಸೇಸಪ್ಪ ನಕ್ಕ. "ನಾನು ಆಲೋಚನೆ ಮಾಡಿದೆ ಮಾರಾಯ್ರೆ. ಕಣ್ಣು ಹೋಗಿದೆ ನನ್ನದು. ಕೆಂಪು ಬಂದದ್ದು ನನಗೆ ತಡವಾಗಿ ಕಾಣ್ತಾ ಇತ್ತೋ ಏನೋ. ಕತ್ತಲೆಯಲ್ಲಿ ನಾನು ಎಂತ ನೋಡಿದೆ ಅಂತ ನನಗೇ ಈಗ ನಂಬಿಕೆ ಇಲ್ಲ."

"ಕಣ್ಣು ಸರಿ ಉಂಟು ನಿಮ್ಮದು."

"ಅದು ನಿಮಗೆ ಹೇಗೆ ಗೊತ್ತು?"

ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಬಾಗಿಲು ಯಾರೂ ತೆರೆದುಕೊಡುವುದಿಲ್ಲ. ಬರ್ನಾರ್ಡ್ ಆ ಬಾಗಿಲನ್ನು ನೋಡಿ, ಪಕ್ಕದ ಕಿಟಕಿಯಿಂದ ಹಾರಿದ. "ಪರೀಕ್ಷೆ ಮಾಡಿಸುವಾ. ರೆಜಿನಾನ ಗುರ್ತದವರು ಇದ್ದಾರೆ, ತೆರೆಸಾ ಅಂತ. ಕಣ್ಣಿನ ವಿಭಾಗದಲ್ಲಿ."

ತೆರೆಸಾ ಕರೆಸಿ, ಸೇಸಪ್ಪನಿಗೆ ಅಕ್ಷರ ಓದಿಸಿದರು, ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಹುಡುಕಿಸಿದರು. ಸೇಸಪ್ಪ ಒಂದನ್ನೂ ತಪ್ಪಲಿಲ್ಲ. ಓದಲು ಒಂದು ಚಾಳೀಸು ಬೇಕು, ಅಷ್ಟೆ. ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಎಂದರು. ಬರ್ನಾರ್ಡ್ ಹಿಗ್ಗಿದ. ಕಾರಿನಲ್ಲಿ ವಾಪಸು ಬರುವಾಗ ಸೇಸಪ್ಪ ಕಿಟಕಿಯಾಚೆಯೇ ನೋಡುತ್ತ ಕೂತಿದ್ದ.

"ಕಣ್ಣು ಸರಿ ಉಂಟು ಅಂತಾದ ಮೇಲೆ," ಎಂದ ಕೊನೆಗೆ, "ತಲೆ ಸರಿ ಇಲ್ಲ ಅಂತ ಅಲ್ಲವಾ? ಕಂಡದ್ದು ತಲೆಗೆ ಮುಟ್ಟುವುದಿಲ್ಲ. ಬೆರಳಿಗೂ ಹಾಗೆಯೇ. ಬುಡ ಬಿಸಿಯಾದದ್ದು ಗೊತ್ತೇ ಆಗ್ಲಿಲ್ಲ ನೋಡಿ. ನನ್ನ ದೊಡ್ಡಪ್ಪನಿಗೆ ಹೀಗೇ ಶುರುವಾದದ್ದು. ಕೊನೆಗೆ ಅಂಗಿ ಯಾವುದು ಚಡ್ಡಿ ಯಾವುದು ಗೊತ್ತಿರಲಿಲ್ಲ ಅವರಿಗೆ."

ಬರ್ನಾರ್ಡನ ಉಪಕಾರದ ಫಲ ಇದು: ಕಣ್ಣಿನ ಮೇಲೆ ಮಾತ್ರ ಅನುಮಾನವಿದ್ದ ಮನುಷ್ಯನಿಗೆ ಈಗ ಬುದ್ಧಿಯ ಮೇಲೂ ಅನುಮಾನ.

ರೆಜಿನಾ ಆ ಸಂಜೆ ಗಂಡನನ್ನು ಅಡುಗೆಮನೆಯಲ್ಲಿ ಹಿಡಿದಳು. "ತೆರೆಸಾ ಕೇಳ್ತಾ ಇದ್ದಳು, ಅಷ್ಟು ಒಳ್ಳೆ ಕಣ್ಣಿನವರನ್ನು ಯಾಕೆ ಕಳಿಸಿದ್ದು ಅಂತ. ಯಾಕೆ?"

ಅವನು ಹೇಳಿದ. ಅವಳು ಮೀನಿಗೆ ಉಪ್ಪು ಸವರುತ್ತಲೇ ಕೇಳಿಸಿಕೊಂಡಳು.

"ಅವತ್ತೇ ಡೆಲ್ಮಾ ಹೇಳಿದ್ದಳು ಬೆಕ್ಕಿನ ಉಚ್ಚೆ ಅಂತ. ಬೆಕ್ಕು ಯಾವುದು ಅಂತ ಗೊತ್ತಿದ್ದೂ ನೀವು ಪಾಪದವನ ಕಣ್ಣು ಬಿಡಿಸಿ ನೋಡ್ತಾ ಕೂತಿರಿ. ಕೈ ತೊಳೆದು ಹೋಗಿ, ಹೇಳಿ."

"ನಾಳೆ."

"ನಾಳೆ ಅನ್ನುವುದು ನಿಮ್ಮ ಬಾಯಲ್ಲಿ ವಾರದ ಯಾವ ದಿನ?"

ಆ ನಾಳೆ ಬರಲಿಲ್ಲ, ಸೇಸಪ್ಪನೇ ಬಂದ. ಒಂದು ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲಲ್ಲಿ ಇಸ್ತ್ರಿ ಹಾಕಿದ ಅಂಗಿಯಲ್ಲಿ ನಿಂತಿದ್ದ. ಬಾಬಾನ ಹತ್ತಿರ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಕ್ಯಾನ್ಸಲ್ ಮಾಡಿಸಲು ಹೇಳಿ ಬಂದೆ ಎಂದ. ಈ ತಿಂಗಳು ಮುಗಿದರೆ ಊರಿಗೆ. "ಗೋದಾಮಿನಲ್ಲಿಯೂ ಎಲ್ಲಾದರೂ ಯಾರ ಕಾಲಿನ ಮೇಲಾದರೂ ಪೈಪು ಹಾಕಿಯೇನು ಅಂತ ಹೆದರಿಕೆ. ತಲೆ ನೆಟ್ಟಗಿಲ್ಲದವ ಕಬ್ಬಿಣದ ಹತ್ತಿರ ಇರಬಾರದು." ಕಿಸೆಯಿಂದ ಗ್ಯಾಸ್ ಹೊತ್ತಿಸುವ ಚಕಮಕಿ ಲೈಟರ್ ತೆಗೆದು ಬರ್ನಾರ್ಡನ ಅಂಗೈಯಲ್ಲಿಟ್ಟ. ಹಿಡಿ ಸವೆದು ಬೆರಳಿನ ಗುರುತು ಬಿದ್ದ ಲೈಟರ್. "ಬೈಕಂಪಾಡಿಯಿಂದ ತಂದದ್ದು. ನೀವೇ ಇಟ್ಟುಕೊಳ್ಳಿ. ನನ್ನ ಕೈಯಲ್ಲಿ ಇದು ಬೇಡ ಇನ್ನು."

ಅವನು ಹೋದ ಮೇಲೆ ಬರ್ನಾರ್ಡ್ ಸ್ಪ್ಯಾನರ್ ಎತ್ತಿದ, ಬಟ್ಟೆ ಸರಿಸಿದ, ಆ ಚಿಪ್ಪನ್ನು ಕಿಸೆಗೆ ಹಾಕಿಕೊಂಡು ಲೇತ್ ನಿಲ್ಲಿಸಿದ.

ಬೂ ಮಿಶಾರಿ ಮನೆಯ ದಿವಾನಿಯಾದಲ್ಲಿ, ಗಂಡಸರು ಬಂದು ಕೂರುವ ಆ ಉದ್ದ ಕೋಣೆಯಲ್ಲಿ, ಒಬ್ಬರೇ ಕಾಫಿ ಕುಡಿಯುತ್ತಿದ್ದರು. ಕಣ್ಣಿನ ಕೆಳಗಿನ ಗಾಯ ಒಣಗಿ ಸಣ್ಣ ಗೆರೆಯಾಗಿತ್ತು. ಬರ್ನಾರ್ಡ್ ಚಿಪ್ಪನ್ನು ಅವರ ಮುಂದಿನ ತಟ್ಟೆಯಲ್ಲಿ ಇಟ್ಟ. ಕಲೆಯ ಅಂಚು ತೋರಿಸಿದ, ಬಿರುಕಿಲ್ಲದ್ದನ್ನು ತೋರಿಸಿದ, ಪಾಲಿಶ್ ಎಂದ, ಅಮೋನಿಯಾ ಎಂದ, ಕುದುರೆ ಎಂದ, ಸೇಸಪ್ಪನ ಕಣ್ಣಿನ ಪರೀಕ್ಷೆ ಎಂದ. ಹಿಂದಿ, ಅರಬ್ಬಿ, ಇಂಗ್ಲಿಷು ಮೂರೂ ಒಟ್ಟಿಗೆ ಬಂದವು. ಬೂ ಮಿಶಾರಿ ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ತಾಯಿ ಈ ದಲ್ಲಾವನ್ನು ನಿಂಬೆಹಣ್ಣಿನಿಂದ ಉಜ್ಜುತ್ತಿದ್ದಳು," ಎಂದರು, ಕಾಫಿಯ ಹೂಜಿಯ ಕಡೆ ಗಲ್ಲ ತೋರಿಸಿ.

"ನಮ್ಮಮ್ಮ ಹುಣಸೆಹುಳಿಯಿಂದ," ಎಂದ ಬರ್ನಾರ್ಡ್. "ಡಬ್ಬಿ ಅಪ್ಪನದ್ದು."

"ನನಗೆ ಯಾವಾಗ ಹೇಳಬೇಕಿತ್ತು, ಗೊತ್ತಾ? ನಾನು ಪಟ್ಟಿ ಕಟ್ಟಿಕೊಂಡು ಬಂದ ದಿನ."

"ಗೊತ್ತು."

"ನನ್ನ ಕಣ್ಣನ್ನು ಅಲ್ಲಾ ಉಳಿಸಿದ. ಅವನ ಕಣ್ಣನ್ನು ನೀನು ತೆಗೆದೆ." ಚಿಪ್ಪನ್ನು ವಾಪಸು ಅವನ ಕೈಗೆ ಇಟ್ಟರು. "ಅವನ ಇಕಾಮಾ ಕ್ಯಾನ್ಸಲ್ ಮಾಡುವ ಕಾಗದ ನಾನು ಮುಟ್ಟುವುದಿಲ್ಲ. ಹೋಗಿ ನೀನೇ ಹೇಳು. ಎಲ್ಲರ ಮುಂದೆ ಅವನು 'ನಾನೇ' ಅಂದನಲ್ಲ, ಅದೇ ಜಾಗದಲ್ಲಿ ನಿಂತು. ಯಲ್ಲಾ, ಹೊರಡು."

ಸಬ್ಹಾನಿನಿಂದ ಸೇಸಪ್ಪನನ್ನು ಕರೆಸಿದರು. ಮಷಿನುಗಳು ನಿಂತವು. ಮೇಜಿನ ಸುತ್ತ ಅವತ್ತು ಇದ್ದವರೇ ಇದ್ದರು. ಬರ್ನಾರ್ಡ್ ಹೇಳಿದ. ಅರಬ್ಬಿ ಬೆರೆತ ಹಿಂದಿಯಲ್ಲಿ ಎಲ್ಲರಿಗೂ ಒಮ್ಮೆ, ಆಮೇಲೆ ತುಳುವಿನಲ್ಲಿ ಸೇಸಪ್ಪನಿಗೆ ಒಮ್ಮೆ. ತುಳುವಿನಲ್ಲಿ ಹೇಳುವಾಗ ಎರಡು ಸಲ ಮೊದಲಿನಿಂದ ಶುರುಮಾಡಬೇಕಾಯಿತು. ಬೇರೆ ಭಾಷೆಗಳಲ್ಲಿ ಹಾಗಾಗಿರಲಿಲ್ಲ.

ಸೇಸಪ್ಪ ಕಲೆಯಿರುವ ಚಿಪ್ಪನ್ನು ಎತ್ತಿಕೊಂಡ. ಬಾಗಿಲ ಬೆಳಕಿಗೆ ಹೋಗಿ ಹೊಸ ಚಾಳೀಸು ಹಾಕಿ ನೋಡಿದ. ಚಾಳೀಸು ತೆಗೆದು ನೋಡಿದ. ಹೆಬ್ಬೆರಳಿನಿಂದ ಬಣ್ಣದ ಅಂಚನ್ನು ಸವರಿದ. ಎಷ್ಟೋ ವಾರಗಳ ನಂತರ ಅವನ ಭುಜ ಒಂದಂಗುಲ ಮೇಲಕ್ಕೆ ಬಂದಂತಾಯಿತು.

"ಸರಿ ಉಂಟಲ್ಲ ಇದು," ಎಂದ ತನಗೆ ತಾನೇ. "ಸರಿಯಾಗಿಯೇ ಕೊಟ್ಟಿದ್ದೇನೆ."

"ಸರಿಯಾಗಿಯೇ ಕೊಟ್ಟಿದ್ದೀರಿ ಸೇಸಪ್ಪಣ್ಣ."

"ಕಣ್ಣಿನ ಪರೀಕ್ಷೆಗೆ ಕರಕೊಂಡು ಹೋದಿರಲ್ಲ. ಅವತ್ತು ಗೊತ್ತಿತ್ತಾ ನಿಮಗೆ?"

ಸುಳ್ಳು ಹೇಳಲು ಜಾಗವಿತ್ತು. ಸಣ್ಣದು, ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು.

"ಗೊತ್ತಿತ್ತು."

"ಕಾರಲ್ಲಿ ನಾನು ದೊಡ್ಡಪ್ಪನ ವಿಷಯ ಹೇಳುವಾಗ?"

"ಆಗಲೂ."

ಸೇಸಪ್ಪ ತಲೆಯಾಡಿಸಿದ, ಮಾರುಕಟ್ಟೆಯಲ್ಲಿ ಮೀನಿನ ಕಿವಿರು ನೋಡಿ ತಲೆಯಾಡಿಸುವವರ ಹಾಗೆ. ಕೈ ಚಾಚಿದ. ಬರ್ನಾರ್ಡನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಕಿಸೆಯಿಂದ ಲೈಟರ್ ತೆಗೆದು ಆ ಕೈಗೆ ಕೊಟ್ಟ.

ಹೊಸ ಚಿಪ್ಪುಗಳ ಕೆಲಸ ಶುರುವಾಯಿತು. ಅಚ್ಚು ಅವೇ, ಪ್ರೆಸ್ ಅದೇ, ಮಧ್ಯಾಹ್ನ ಶಟರ್ ಇಳಿಯುವುದೂ ಅದೇ. ಕತ್ತಲೆಯಲ್ಲಿ ಉರಿ ಹೊತ್ತಿಕೊಂಡರೆ ಸೇಸಪ್ಪನ ಎರಡು ಬೆರಳು ಹಿತ್ತಾಳೆಯನ್ನು ಮೊದಲಿನ ಹಾಗೆಯೇ ತಿರುಗಿಸುತ್ತಿದ್ದವು. ಮೊದಲ ದಿನ ಒಂದೊಂದು ಚಿಪ್ಪನ್ನೂ ಎರಡೆರಡು ಸಲ ಪರೀಕ್ಷಿಸಿದ, ಆಮೇಲೆ ಇಲ್ಲ. ಹತ್ತು ಗಂಟೆಗೆ ಫ್ಲಾಸ್ಕಿನ ಚಹಾವೂ ಬಂತು. ಸೇಸಪ್ಪ ಮುಚ್ಚಳದಲ್ಲಿ ಸುರಿದು ಲೇತಿನ ಅಂಚಿನಲ್ಲಿ ಇಡುತ್ತಿದ್ದ.

"ತಗೊಳ್ಳಿ ಫೋರ್ಮನ್ ಸಾರ್."

ಮೊದಲ ಸಲ ಬರ್ನಾರ್ಡ್ ತಮಾಷೆ ಎಂದುಕೊಂಡ. ಎರಡನೆಯ ದಿನವೂ ಅದೇ. ಮೂರನೆಯ ದಿನ ತಡೆಯದೆ, "ಸಾರ್ ಎಂತದು ಸೇಸಪ್ಪಣ್ಣ? ಮೊದಲು ಕರೀತಾ ಇದ್ದ ಹಾಗೆ ಕರೀರಿ ಮಾರಾಯ್ರೆ. ಬೈದಾದರೂ ಬೈರಿ," ಎಂದ.

"ಬೈಲಿಕ್ಕೆ ಎಂತ ಉಂಟು? ನೀವು ಹೇಳಿದಿರಲ್ಲ, ಆಯ್ತಲ್ಲ," ಎಂದ ಸೇಸಪ್ಪ, ಯಾವ ಮುನಿಸೂ ಇಲ್ಲದ ದನಿಯಲ್ಲಿ. "ಚಹಾ ಆರ್ತದೆ, ಕುಡೀರಿ ಸಾರ್."

ಕೆಲಸ ಮುಗಿದ ದಿನ ಕಲೆಗಳೊಂದಿಗೆ ಚಿಪ್ಪುಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು, ನೀಲಿ, ನೇರಳೆ, ಬೆಲ್ಲ. ಗುರುವಾರ ಸಂಜೆ. ತಲುಪಿಸುವುದು ಶನಿವಾರ. ಸಿದ್ಧವಾದ ವಸ್ತುಗಳನ್ನು ಫೋರ್ಮನ್ ತನ್ನ ಕಪಾಟಿನಲ್ಲಿ ಬೀಗ ಹಾಕಿಡುವುದು ಆ ವರ್ಕ್‌ಶಾಪಿನ ರೂಢಿ. ಬರ್ನಾರ್ಡ್ ಬೀಗದ ಕೈ ಹಿಡಿದು ಕಪಾಟಿನ ಬಾಗಿಲು ತೆರೆದು ನಿಂತ.

ಸೇಸಪ್ಪ ಕಪಾಟಿನ ಕಡೆ ನೋಡಲಿಲ್ಲ. ಬುತ್ತಿ ಕಟ್ಟಿಕೊಂಡು ಬರುವ ಬಟ್ಟೆಯನ್ನು ಕೊಡವಿ ಹಾಸಿ, ಚಿಪ್ಪುಗಳನ್ನು ಒಂದೊಂದಾಗಿ ಅದರ ಮೇಲಿಟ್ಟು, ಗಂಟು ಕಟ್ಟಿದ.

"ಇದನ್ನು ಬಾಬಾನ ಮನೆಗೆ ಈಗಲೇ ಮುಟ್ಟಿಸ್ತೇನೆ," ಎಂದ. "ನಾಳೆ ಶುಕ್ರವಾರ, ನಿಮಗೆ ರಜೆ ಅಲ್ಲವಾ ಸಾರ್."

ಬರ್ನಾರ್ಡ್ ತೆರೆದ ಬಾಗಿಲು ಮುಚ್ಚಿದ. ಖಾಲಿ ಕಪಾಟಿಗೆ ಬೀಗ ಹಾಕಿದ. ಮುಂದೆ ಹೋಗಿ, ಎರಡೂ ಕೈಯಲ್ಲಿ ಗಂಟು ಹಿಡಿದು ಬರುತ್ತಿದ್ದ ಸೇಸಪ್ಪನಿಗೆ ಶಟರ್ ಎತ್ತಿ ಹಿಡಿದ.